ಕೂಲಿಯಿಂದ ಕಸುಬಿಗೆ: ಉಜಿರೆಯ ತರಬೇತಿ ಮಾದರಿ ಹೇಳುವ ಪಾಠ

ಬೈಕ್ ದುರಸ್ತಿ ಅಂಗಡಿಯಲ್ಲಿ ಹತ್ತು ವರ್ಷ ಸ್ಪ್ಯಾನರ್ ಹಿಡಿದ ಸಹಾಯಕ ಹನ್ನೊಂದನೆಯ ವರ್ಷವೂ ಸಹಾಯಕನಾಗಿಯೇ ಉಳಿಯುವುದು ರಾಜ್ಯದ ಯಾವ ಪೇಟೆಯಲ್ಲಾದರೂ ಕಾಣಸಿಗುವ ಸಂಗತಿ. ಪೀಸ್ ಲೆಕ್ಕದಲ್ಲಿ ಬಟ್ಟೆ ಹೊಲಿದು ಕೊಡುವ ಮಹಿಳೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಇವರಿಗೆ ಕೆಲಸ ಬಾರದೆಂದಲ್ಲ. ಆದರೆ ಗಿರಾಕಿಯೊಡನೆ ದರ ಮಾತನಾಡುವುದು, ಲೆಕ್ಕ ಬರೆದಿಡುವುದು, ಬೇಕಾದ ಸಾಮಗ್ರಿಯನ್ನು ಸಗಟಾಗಿ ಕೊಳ್ಳುವುದು, ಬ್ಯಾಂಕಿಗೆ ಹೋಗಿ ಸಾಲ ಕೇಳುವುದು ಇವೆಲ್ಲ ಮಾಲೀಕನ ಕೆಲಸಗಳು. ಸಹಾಯಕನಿಗೆ ಅವುಗಳನ್ನು ಕಲಿಯುವ ಅವಕಾಶವೇ ಒದಗುವುದಿಲ್ಲ. ಹೀಗಾಗಿ ಕೈಯಲ್ಲಿ ಕಸುಬಿದ್ದರೂ ಬದುಕು ಕೂಲಿಯಲ್ಲಿಯೇ ಕಳೆದುಹೋಗುತ್ತದೆ.

ಈ ಅಂತರವನ್ನು ತುಂಬಲು ಸರ್ಕಾರಗಳು, ಕಂಪನಿಗಳು, ಸೇವಾ ಸಂಸ್ಥೆಗಳು ನಡೆಸುವ ತರಬೇತಿ ಕಾರ್ಯಕ್ರಮಗಳಿಗೆ ಇಂದು ಕೊರತೆಯಿಲ್ಲ. ಪ್ರಮಾಣಪತ್ರ ಪಡೆದವರಿಗೂ ಬರವಿಲ್ಲ. ಆದರೂ ತರಬೇತಿಯಿಂದ ಬದುಕು ನಿಜವಾಗಿಯೂ ಮೇಲೇರಿತೇ ಎಂಬ ಪ್ರಶ್ನೆಗೆ ಎಲ್ಲೆಡೆ ಒಂದೇ ಉತ್ತರ ದೊರೆಯುವುದಿಲ್ಲ. ಈ ಪ್ರಶ್ನೆಗೆ ಕರ್ನಾಟಕದ್ದೇ ಆದ ಒಂದು ಉತ್ತರ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ 1982ರಲ್ಲಿ ರೂಪುಗೊಂಡಿತು. ಗ್ರಾಮೀಣಾಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಜನರ ಬಾಯಲ್ಲಿ 'ರುಡ್‌ಸೆಟ್' ಎಂದೇ ಹೆಸರಾದ ಸಂಸ್ಥೆಯೇ ಆ ಉತ್ತರ.

ಮೂವರು ಒಂದಾದ ಬಗೆ

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಈ ಮೂರೂ ಸೇರಿ ಸಂಸ್ಥೆಯನ್ನು ಹುಟ್ಟುಹಾಕಿದವು. ಓದಿಯೋ ಓದನ್ನು ಅರ್ಧಕ್ಕೆ ಬಿಟ್ಟೋ ಕೆಲಸವಿಲ್ಲದೆ ಅಲೆಯುತ್ತಿದ್ದ ಹಳ್ಳಿಯ ಯುವಕರಿಗೆ ಸರ್ಕಾರಿ ನೌಕರಿಯನ್ನೇ ಕಾಯದೆ ತಮ್ಮ ಊರಿನಲ್ಲಿಯೇ ದುಡಿಯುವ ದಾರಿ ತೋರಿಸುವುದು ಇದರ ಉದ್ದೇಶವಾಗಿತ್ತು.

ಇಂತಹ ಜೊತೆಗಾರಿಕೆ ಕರಾವಳಿಯಲ್ಲಿ ಮೊದಲು ಮೂಡಿದ್ದು ಆಕಸ್ಮಿಕವೇನಲ್ಲ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿಯೂ ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿಯೂ ಜನ್ಮತಾಳಿದವು. ದಿನಕ್ಕೆ ಕೆಲವು ಕಾಸನ್ನು ಮನೆಬಾಗಿಲಿಗೇ ಬಂದು ಸಂಗ್ರಹಿಸುವ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿ 1928ರಷ್ಟು ಹಿಂದೆಯೇ ಆರಂಭವಾಗಿತ್ತು. ನೇಕಾರರು, ಸಣ್ಣ ವ್ಯಾಪಾರಿಗಳು, ಕೂಲಿಕಾರರು ಬ್ಯಾಂಕಿನ ವ್ಯವಹಾರಕ್ಕೆ ಬಳಕೆಗೊಂಡಿದ್ದ ನಾಡು ಇದು. 1969ರ ಜುಲೈಯಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಈ ಎರಡೂ ಇದ್ದವು. ಆ ಬಳಿಕ ಬಡವರಿಗೆ ಸಾಲ ನೀಡುವ ಹೊಣೆ ಬ್ಯಾಂಕುಗಳ ಮೇಲೆ ಬಂದಿತು. ಆದರೆ ಸಾಲ ಪಡೆದವನಿಗೆ ಉದ್ಯೋಗ ನಡೆಸಲು ಬಾರದಿದ್ದರೆ ಸಾಲವೂ ಮುಳುಗುತ್ತದೆ, ಸಾಲಗಾರನೂ ಮುಳುಗುತ್ತಾನೆ. ಬ್ಯಾಂಕಿಗೆ ತರಬೇತಾದ ಸಾಲಗಾರ ಬೇಕಾಗಿದ್ದ. ತರಬೇತಿ ಪಡೆದ ಯುವಕನಿಗೆ ಸಾಲ ಕೊಡುವ ಬ್ಯಾಂಕು ಬೇಕಾಗಿತ್ತು. ಇಬ್ಬರಿಗೂ ಪರಿಚಿತವಾದ, ಊರಿನವರ ನಂಬಿಕೆ ಗಳಿಸಿದ ಒಂದು ಸ್ಥಳೀಯ ಸಂಸ್ಥೆ ನಡುವೆ ನಿಂತಿತು. ರುಡ್‌ಸೆಟ್‌ನ ಗುಟ್ಟು ಬಹುಮಟ್ಟಿಗೆ ಇಷ್ಟೇ.

ಉಜಿರೆಯ ಪ್ರಯೋಗ ಫಲ ನೀಡುತ್ತಿದ್ದಂತೆ ಧಾರವಾಡ, ಚಿತ್ರದುರ್ಗ, ಮೈಸೂರು, ಬ್ರಹ್ಮಾವರ ಮೊದಲಾದೆಡೆ ಶಾಖೆಗಳು ಆರಂಭವಾದವು. ಮುಂದೆ ಹೊರ ರಾಜ್ಯಗಳಿಗೂ ಅದು ಹಬ್ಬಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಮೇಲೂ ಸಂಸ್ಥೆಯ ಕಾರ್ಯ ಮುಂದುವರಿದಿದೆ.

ತರಬೇತಿ ಕೊಠಡಿಯೊಳಗೆ

ರುಡ್‌ಸೆಟ್ ತರಬೇತಿಯ ಅವಧಿ ಸಾಮಾನ್ಯವಾಗಿ ಒಂದರಿಂದ ಆರು ವಾರ. ಹೈನುಗಾರಿಕೆ, ಜೇನು ಸಾಕಣೆ, ಅಣಬೆ ಬೇಸಾಯದಂತಹ ಕೃಷಿ ಸಂಬಂಧಿ ಕಸುಬುಗಳು, ಉಡುಪು ವಿನ್ಯಾಸ, ಬೇಕರಿ ತಿನಿಸುಗಳ ತಯಾರಿ, ದ್ವಿಚಕ್ರ ವಾಹನ ದುರಸ್ತಿ, ಮೋಟಾರ್ ರೀವೈಂಡಿಂಗ್, ಮೊಬೈಲ್ ದುರಸ್ತಿ, ಫ್ರಿಜ್ ಮತ್ತು ಎ.ಸಿ. ದುರಸ್ತಿ, ಛಾಯಾಗ್ರಹಣ, ಬ್ಯೂಟಿ ಪಾರ್ಲರ್ ಮುಂತಾಗಿ ಹಲವು ವಿಷಯಗಳಲ್ಲಿ ತಂಡಗಳನ್ನು ನಡೆಸಲಾಗುತ್ತದೆ. ತರಬೇತಿಯೂ ಊಟ-ವಸತಿಯೂ ಉಚಿತ. ಅಭ್ಯರ್ಥಿಗಳು ಸಂಸ್ಥೆಯಲ್ಲಿಯೇ ಉಳಿದು ಕಲಿಯಬೇಕೆಂಬುದು ಈ ಕ್ರಮದ ವೈಶಿಷ್ಟ್ಯ.

ಆರು ವಾರದೊಳಗೆ ಒಬ್ಬ ಪರಿಣತ ಮೆಕ್ಯಾನಿಕ್ ತಯಾರಾಗಲು ಸಾಧ್ಯವೇ ಎಂಬ ಸಂಶಯ ಸಹಜ. ಇಲ್ಲಿ ಕಲಿಸುವುದು ಕೈಕೆಲಸವನ್ನು ಮಾತ್ರವಲ್ಲ, ಉದ್ಯೋಗ ನಡೆಸುವ ಮನೋಧರ್ಮವನ್ನೂ ಎಂಬುದನ್ನು ಗಮನಿಸಿದರೆ ಉತ್ತರ ತಿಳಿಯುತ್ತದೆ. ಪ್ರತಿದಿನದ ತರಗತಿಯು ಹಿಂದಿನ ದಿನ ಕಲಿತ ಅತಿ ಮುಖ್ಯ ಪಾಠ ಯಾವುದೆಂದು ಅಭ್ಯರ್ಥಿಗಳೇ ಎದ್ದುನಿಂತು ಹೇಳುವುದರೊಂದಿಗೆ ಪ್ರಾರಂಭವಾಗುತ್ತದೆ. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಅಂಜುವವರಿಗೆ ಇದೇ ಮೊದಲ ಅಭ್ಯಾಸ.

ಬಳಿಕ ಆಟಗಳ ಸರದಿ. ನೆಟ್ಟ ಗೂಟಕ್ಕೆ ದೂರದಿಂದ ಬಳೆ ಎಸೆಯುವ ಆಟದಲ್ಲಿ ಎಷ್ಟು ದೂರದಿಂದ ಎಸೆಯಬೇಕೆಂಬುದನ್ನು ಆಟಗಾರನೇ ನಿರ್ಧರಿಸಬೇಕು. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚು, ತಪ್ಪುವ ಸಂಭವವೂ ಹೆಚ್ಚು. ತೀರ ಹತ್ತಿರ ನಿಲ್ಲುವವನು ಗಳಿಸುವುದು ಕಡಿಮೆ. ತೀರ ದೂರ ನಿಲ್ಲುವವನು ಬರಿಗೈಯಲ್ಲಿ ಮರಳುತ್ತಾನೆ. ತನ್ನ ಅಳವಿಗೆ ತಕ್ಕ ಅಪಾಯವನ್ನು ಆರಿಸಿಕೊಳ್ಳುವುದೇ ಉದ್ಯಮವೆಂಬುದು ಇಲ್ಲಿನ ಪಾಠ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುವ ಗೋಪುರದ ಆಟದಲ್ಲಿ ಪಕ್ಕದಲ್ಲಿ ನಿಂತವರು ಹುರಿದುಂಬಿಸುವುದಕ್ಕೂ ಗದರಿಸುವುದಕ್ಕೂ ಫಲಿತಾಂಶದಲ್ಲಿ ಆಗುವ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಕಾಗದದ ದೋಣಿ ತಯಾರಿಸುವ ಆಟದಲ್ಲಿ ಎಷ್ಟು ಕಚ್ಚಾ ಸಾಮಗ್ರಿ ಕೊಳ್ಳಬೇಕು, ಗೊತ್ತಾದ ಸಮಯದಲ್ಲಿ ಎಷ್ಟು ದೋಣಿ ಮಾಡಬಹುದು, ಗುಣಮಟ್ಟವಿಲ್ಲವೆಂದು ತಿರಸ್ಕೃತವಾದರೆ ನಷ್ಟವೆಷ್ಟು ಎಂಬ ಲೆಕ್ಕ ಕೈಗೆ ಹತ್ತುತ್ತದೆ.

ಕೊನೆಯ ಹಂತದಲ್ಲಿ ಅಭ್ಯರ್ಥಿಗಳು ಮಾರುಕಟ್ಟೆ ಸಮೀಕ್ಷೆಗೆ ಹೊರಡುತ್ತಾರೆ. ತಾವು ತೆರೆಯಬೇಕೆಂದಿರುವ ಅಂಗಡಿಯಂತಹವು ಈಗಾಗಲೇ ಎಷ್ಟಿವೆ, ಬಾಡಿಗೆ ಎಷ್ಟು, ಯಂತ್ರದ ಬೆಲೆ ಎಷ್ಟು, ಗಿರಾಕಿಗಳು ಯಾರು ಎಂಬುದನ್ನು ಕೇಳಿ ಬರೆದುಕೊಳ್ಳುತ್ತಾರೆ. ಇದೇ ಮಾಹಿತಿಯಿಂದ ಯೋಜನಾ ವರದಿ ಸಿದ್ಧವಾಗುತ್ತದೆ. ಬ್ಯಾಂಕಿನ ಮೇಜಿನ ಮೇಲೆ ಇಡಬೇಕಾದ ಕಾಗದವೂ ಇದೇ. ಅದನ್ನು ಬೇರೆಯವರಿಂದ ಬರೆಯಿಸಿಕೊಂಡವನಿಗಿಂತ ತಾನೇ ಬರೆದವನು ವ್ಯವಸ್ಥಾಪಕರ ಪ್ರಶ್ನೆಗಳಿಗೆ ಧೈರ್ಯದಿಂದ ಉತ್ತರಿಸಬಲ್ಲ.

ತರಬೇತಿಯ ನಂತರದ ಎರಡು ವರ್ಷ

ಬಹಳಷ್ಟು ತರಬೇತಿ ಕಾರ್ಯಕ್ರಮಗಳು ಸಮಾರೋಪ ಸಮಾರಂಭದ ಛಾಯಾಚಿತ್ರದೊಂದಿಗೆ ಮುಕ್ತಾಯಗೊಳ್ಳುತ್ತವೆ. ಉಜಿರೆಯ ಮಾದರಿಯ ತಿರುಳು ಅಲ್ಲಿಂದಲೇ ಆರಂಭ. ಅಲ್ಪಾವಧಿಯ ತರಬೇತಿ, ದೀರ್ಘಾವಧಿಯ ಬೆಂಬಲ ಎಂಬುದು ಇದರ ನೀತಿ. ತರಬೇತಿ ಮುಗಿಸಿದವರನ್ನು ಎರಡು ವರ್ಷ ಕಾಲ ಬೆನ್ನುಬಿಡದೆ ವಿಚಾರಿಸಲಾಗುತ್ತದೆ. ಪತ್ರ, ದೂರವಾಣಿ, ಮನೆ ಭೇಟಿ, ಹಳೆಯ ಅಭ್ಯರ್ಥಿಗಳ ಸಭೆ ಹೀಗೆ ಹಲವು ವಿಧಗಳಲ್ಲಿ ಸಂಪರ್ಕ ಮುಂದುವರಿಯುತ್ತದೆ. ಅಂಗಡಿ ತೆರೆದರೇ, ಸಾಲದ ಅರ್ಜಿ ಎಲ್ಲಿ ನಿಂತಿದೆ, ಮೊದಲ ಆರು ತಿಂಗಳಲ್ಲಿ ಗಿರಾಕಿಗಳು ಬಂದರೇ ಎಂಬ ವಿವರಗಳು ಸಂಸ್ಥೆಯ ದಾಖಲೆಗೆ ಸೇರುತ್ತವೆ.

ಇದಕ್ಕೆ ಕಾರಣವಿದೆ. ಹೊಸದಾಗಿ ಕಸುಬು ಆರಂಭಿಸಿದ ಬಡ ಕುಟುಂಬದ ವ್ಯಕ್ತಿಗೆ ಒಂದು ಕೆಟ್ಟ ತಿಂಗಳನ್ನು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಬಂಡವಾಳವೇ ಔಷಧಕ್ಕೆ ಖರ್ಚಾಗುತ್ತದೆ. ಆ ಹೊತ್ತಿನಲ್ಲಿ 'ಮುಂದೇನು' ಎಂದು ಕೇಳುವವರಿದ್ದರೆ ಆತ ಮರಳಿ ಕೂಲಿಗೆ ಹೋಗುವುದು ತಪ್ಪಬಹುದು.

ಸಾಲದ ವಿಷಯದಲ್ಲಿಯೂ ಜೊತೆಗಾರಿಕೆಯ ಪ್ರಯೋಜನ ಕಾಣುತ್ತದೆ. ಇಂತಹ ಸಂಸ್ಥೆಗಳ ನಿರ್ದೇಶಕರು ಸಾಮಾನ್ಯವಾಗಿ ಬ್ಯಾಂಕಿನಿಂದಲೇ ನಿಯೋಜಿತರಾದ ಅಧಿಕಾರಿಗಳು. ಯೋಜನಾ ವರದಿಯಲ್ಲಿ ಶಾಖಾ ವ್ಯವಸ್ಥಾಪಕರು ಏನನ್ನು ಹುಡುಕುತ್ತಾರೆಂಬುದು ಅವರಿಗೆ ತಿಳಿದಿರುತ್ತದೆ. ಅರ್ಜಿ ನೆನೆಗುದಿಗೆ ಬಿದ್ದರೆ ಯಾರಿಗೆ ದೂರವಾಣಿ ಮಾಡಬೇಕೆಂಬುದೂ ತಿಳಿದಿರುತ್ತದೆ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ 'ಶಿಶು' ವರ್ಗದಲ್ಲಿ 50 ಸಾವಿರ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಬೇಕಿಲ್ಲ. ನಿಯಮ ಹೀಗಿದ್ದರೂ ಪರಿಚಯವಿಲ್ಲದ ಅರ್ಜಿದಾರನಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ತರಬೇತಿ ಸಂಸ್ಥೆ ಆ ಪರಿಚಯವನ್ನು ಒದಗಿಸುತ್ತದೆ.

ಉಜಿರೆಯಿಂದ ದೇಶಕ್ಕೆ

ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಲ್ಲಿ ಈ ಮಾದರಿಯನ್ನು ದೇಶಕ್ಕೆ ವಿಸ್ತರಿಸಲು ಮುಂದಾಯಿತು. ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಅಂದರೆ 'ಆರ್‌ಸೆಟಿ' ಸ್ಥಾಪಿಸುವುದು ಅದರ ಗುರಿ. ರಾಜ್ಯ ಸರ್ಕಾರ ಉಚಿತವಾಗಿ ಜಾಗ ನೀಡುವುದು, ಕೇಂದ್ರವು ಕಟ್ಟಡಕ್ಕೆ 1 ಕೋಟಿ ರೂಪಾಯಿವರೆಗೆ ಒಂದು ಬಾರಿಯ ಅನುದಾನ ಕೊಡುವುದು, ಜಿಲ್ಲೆಯ ಅಗ್ರಣಿ ಬ್ಯಾಂಕ್ ಸಂಸ್ಥೆಯನ್ನು ನಡೆಸುವುದು ಎಂದು ಹೊಣೆಯನ್ನು ಹಂಚಲಾಯಿತು. ಬಡತನ ರೇಖೆಗಿಂತ ಕೆಳಗಿನ ಗ್ರಾಮೀಣ ಕುಟುಂಬಗಳ ಅಭ್ಯರ್ಥಿಗಳ ಪ್ರಮಾಣ ಶೇ 70ರಷ್ಟಾದರೂ ಇರಬೇಕೆಂದು ಮಾರ್ಗಸೂಚಿ ಹೇಳಿತು.

ಇಂದು ದೇಶದಲ್ಲಿ ಇಂತಹ ನೂರಾರು ಸಂಸ್ಥೆಗಳಿದ್ದು, ತರಬೇತಿ ಪಡೆದವರ ಸಂಖ್ಯೆ 50 ಲಕ್ಷವನ್ನು ದಾಟಿದೆ. ಇವುಗಳ ನಿರ್ದೇಶಕರಿಗೂ ಬೋಧಕರಿಗೂ ತರಬೇತಿ ನೀಡುವ ರಾಷ್ಟ್ರೀಯ ಅಕಾಡೆಮಿ ಬೆಂಗಳೂರಿನಲ್ಲಿದೆ. ಕರಾವಳಿಯ ತಾಲ್ಲೂಕೊಂದರ ಪ್ರಯೋಗ ರಾಷ್ಟ್ರೀಯ ಯೋಜನೆಯಾದ ಅಪರೂಪದ ನಿದರ್ಶನವಿದು.

ಕಾರ್ಖಾನೆಯ ದಾರಿ

ಎಲ್ಲರೂ ಅಂಗಡಿ ಇಡಲಾರರು, ಇಡಬೇಕಾಗಿಯೂ ಇಲ್ಲ. ತಿಂಗಳ ಸಂಬಳವನ್ನೇ ಬಯಸುವವರಿಗೆ ಬ್ಯಾಂಕಿನ ಸ್ಥಾನದಲ್ಲಿ ಉದ್ಯೋಗದಾತ ಕಂಪನಿಯೇ ಜೊತೆಗಾರನಾಗಬೇಕಾಗುತ್ತದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಇದಕ್ಕೆ ಉದಾಹರಣೆ. ಎಸ್ಸೆಸ್ಸೆಲ್ಸಿ ತೇರ್ಗಡೆಯಾದ, ಆರ್ಥಿಕವಾಗಿ ಹಿಂದುಳಿದ ಕುಟುಂಬಗಳ ಮಕ್ಕಳನ್ನು ಆಯ್ದುಕೊಂಡು ಅಲ್ಲಿ ಮೂರು ವರ್ಷ ವಸತಿ ಸಹಿತ ತರಬೇತಿ ನೀಡಲಾಗುತ್ತದೆ. ಸರ್ಕಾರದ ಮಟ್ಟದಲ್ಲಿ, ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,600 ಕೋಟಿ ರೂಪಾಯಿಗೂ ಹೆಚ್ಚಿನ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, 2022ರ ಜೂನ್ 20ರಂದು ಲೋಕಾರ್ಪಣೆ ಮಾಡಲಾಯಿತು. ಹಳೆಯ ಲೇತ್ ಯಂತ್ರಗಳಲ್ಲಿ ಕಲಿತು ಹೊಸ ಕಾರ್ಖಾನೆಯಲ್ಲಿ ತಬ್ಬಿಬ್ಬಾಗುವ ಸ್ಥಿತಿಯನ್ನು ತಪ್ಪಿಸುವುದು ಇದರ ಆಶಯ.

ಈಗಾಗಲೇ ಕಸುಬಿನಲ್ಲಿರುವವರಿಗಾಗಿ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭವಾಯಿತು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಗಾರೆ ಕೆಲಸಗಾರ ಮುಂತಾದ 18 ಕಸುಬುಗಳು ಇದರ ವ್ಯಾಪ್ತಿಯಲ್ಲಿವೆ. ತರಬೇತಿಯೊಂದಿಗೆ 15 ಸಾವಿರ ರೂಪಾಯಿಯ ಸಲಕರಣೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷ, ಅದನ್ನು ತೀರಿಸಿದವರಿಗೆ 2 ಲಕ್ಷ ರೂಪಾಯಿವರೆಗಿನ ಸಾಲವನ್ನು ಶೇ 5ರ ಬಡ್ಡಿಯಲ್ಲಿ ನೀಡಲು ಅವಕಾಶವಿದೆ. ತರಬೇತಿಯನ್ನೂ ಬಂಡವಾಳವನ್ನೂ ಬೇರ್ಪಡಿಸಬಾರದೆಂಬ ಉಜಿರೆಯ ತತ್ವ ಇಲ್ಲಿಯೂ ಕಾಣುತ್ತದೆ.

ಅಮೆರಿಕದ ಒಂದು ಊರಿನ ಪುರಾವೆ

ಇಷ್ಟೆಲ್ಲ ಬೆಂಬಲ ನೀಡಿ ತರಬೇತಿ ನಡೆಸಿದರೆ ಗಳಿಕೆ ನಿಜವಾಗಿಯೂ ಹೆಚ್ಚುತ್ತದೆಯೇ? ತರಬೇತಿಗೆ ಬರುವವರು ಮೊದಲೇ ಚುರುಕಿನವರಾಗಿದ್ದು, ತರಬೇತಿಯಿಲ್ಲದೆಯೂ ಮೇಲೇರುತ್ತಿದ್ದರೇನೋ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಇದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಉದಾಹರಣೆಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ್ದು ಪ್ರಮುಖವಾದುದು.

ಆ ನಗರದ ಲೀವೈ ಸ್ಟ್ರಾಸ್ ಉಡುಪು ಕಾರ್ಖಾನೆ 1990ರಲ್ಲಿ ಮುಚ್ಚಿದಾಗ ಸಾವಿರದಷ್ಟು ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರಲ್ಲಿ ಮೆಕ್ಸಿಕನ್ ಮೂಲದ ಮಹಿಳೆಯರೇ ಬಹುಪಾಲು. ಹೊಲಿಗೆ ಬಿಟ್ಟರೆ ಬೇರೆ ಕೆಲಸಕ್ಕೆ ಬೇಕಾದ ಓದು ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಅದೇ ನಗರದ ಆಸ್ಪತ್ರೆಗಳಲ್ಲಿ ನರ್ಸುಗಳ ಹುದ್ದೆಗಳಿಗೆ ಜನ ಸಿಗುತ್ತಿರಲಿಲ್ಲ. ಚರ್ಚುಗಳ ಸುತ್ತ ಕಟ್ಟಿಕೊಂಡಿದ್ದ ಸ್ಥಳೀಯ ಜನಸಂಘಟನೆಗಳು ಉದ್ಯೋಗದಾತರನ್ನೂ ನಗರಾಡಳಿತವನ್ನೂ ಸಮುದಾಯ ಕಾಲೇಜುಗಳನ್ನೂ ಒಂದೆಡೆ ಕೂರಿಸಿ 1992ರಲ್ಲಿ 'ಪ್ರಾಜೆಕ್ಟ್ ಕ್ವೆಸ್ಟ್' ಸಂಸ್ಥೆಯನ್ನು ಸ್ಥಾಪಿಸಿದವು. ಕಾಲೇಜು ಶುಲ್ಕ, ಪುಸ್ತಕ, ಬಸ್ಸಿನ ಖರ್ಚು, ಮಕ್ಕಳ ಪಾಲನೆಗೆ ನೆರವು ನೀಡುವುದರ ಜೊತೆಗೆ ವಾರಕ್ಕೊಮ್ಮೆ ಎಲ್ಲರನ್ನೂ ಸೇರಿಸಿ ಸಮಾಲೋಚನೆ ನಡೆಸುವುದು ಅದರ ಕ್ರಮ.

2006ರಿಂದ 2008ರವರೆಗೆ ಆರೋಗ್ಯ ಕ್ಷೇತ್ರದ ತರಬೇತಿ ಬಯಸಿದ 410 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮಾತ್ರ ಈ ಬೆಂಬಲ ನೀಡಲಾಯಿತು. ಓದಿನಲ್ಲಿ ತೊಡಗಿದ ಮೊದಲ ವರ್ಷ ಬೆಂಬಲ ಪಡೆದವರ ಗಳಿಕೆ ಮತ್ತೊಂದು ಗುಂಪಿಗಿಂತ ಕಡಿಮೆಯೇ ಇತ್ತು. ಒಂಬತ್ತನೆಯ ವರ್ಷದ ಹೊತ್ತಿಗೆ ಅವರ ವಾರ್ಷಿಕ ಗಳಿಕೆ ಉಳಿದವರಿಗಿಂತ 5 ಸಾವಿರ ಡಾಲರ್‌ಗೂ ಅಧಿಕವಾಗಿತ್ತು. ಊರು, ಭಾಷೆ, ಕಸುಬು ಎಲ್ಲವೂ ಬೇರೆ. ಆದರೆ ಊರಿನವರ ನಂಬಿಕೆಯ ಸಂಸ್ಥೆ ನಡುವೆ ನಿಂತಿರುವುದು, ಕೆಲಸ ಕೊಡುವವರನ್ನು ಮೊದಲೇ ಜೊತೆಗೂಡಿಸಿಕೊಂಡಿರುವುದು, ಕಲಿಯುವವರ ಕೈಬಿಡದಿರುವುದು ಈ ಮೂರು ಅಂಶಗಳು ಉಜಿರೆಯನ್ನೇ ನೆನಪಿಸುತ್ತವೆ.

ಉಳಿದಿರುವ ತೊಡಕುಗಳು

ಮಾದರಿ ಒಳ್ಳೆಯದೆಂದ ಮಾತ್ರಕ್ಕೆ ಕೊರತೆಗಳಿಲ್ಲವೆಂದಲ್ಲ. ಮೊದಲನೆಯದು, ಕಲಿಯುವ ಅವಧಿಯಲ್ಲಿ ತಪ್ಪಿಹೋಗುವ ಕೂಲಿ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 30 ದಿನಗಳ ತರಬೇತಿಗೆ ಬರುವವನು 10,470 ರೂಪಾಯಿ ಬಿಟ್ಟುಕೊಟ್ಟು ಬರಬೇಕು. ಊಟ-ವಸತಿ ಉಚಿತವಾದರೂ ಮನೆಯ ಒಲೆ ಉರಿಯಬೇಕಷ್ಟೆ. ಅತ್ಯಂತ ಬಡವನೇ ತರಬೇತಿಯಿಂದ ಹೊರಗುಳಿಯುವ ಅಪಾಯ ಇಲ್ಲಿದೆ. ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಯ ಅವಧಿಗೆ ದಿನಕ್ಕೆ 500 ರೂಪಾಯಿ ಭತ್ಯೆ ನಿಗದಿಪಡಿಸಿರುವುದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಎರಡನೆಯದು, ಮನೆ ಬಿಟ್ಟು ಬರಲಾಗದ ಮಹಿಳೆಯರ ಸಮಸ್ಯೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ವಾರಗಟ್ಟಲೆ ಸಂಸ್ಥೆಯಲ್ಲಿ ಉಳಿಯುವುದು ಸುಲಭವಲ್ಲ. ಹಳ್ಳಿಯಲ್ಲಿಯೇ ತರಬೇತಿ ನಡೆಸಿದರೆ ಬರುವವರ ಸಂಖ್ಯೆ ಹೆಚ್ಚೀತು, ಆದರೆ ಒಟ್ಟಿಗೆ ಬಾಳಿ ಕಲಿಯುವ ಶಿಸ್ತು ಸಡಿಲಗೊಂಡೀತು.

ಮೂರನೆಯದು, ಒಂದೇ ಕಸುಬಿಗೆ ಜನ ಮುಗಿಬೀಳುವುದು. ಹೊಲಿಗೆ ಮತ್ತು ಬ್ಯೂಟಿ ಪಾರ್ಲರ್ ತಂಡಗಳು ಬೇಗ ತುಂಬುತ್ತವೆ. ಆದರೆ ಒಂದೇ ಬೀದಿಯಲ್ಲಿ ಐದು ಹೊಲಿಗೆ ಅಂಗಡಿಗಳಾದರೆ ಐವರಿಗೂ ಹೊಟ್ಟೆ ತುಂಬದು. ಮಾರುಕಟ್ಟೆ ಸಮೀಕ್ಷೆ ಕೇವಲ ವಿಧಿಯಾಗಿ ಉಳಿಯದೆ, ಮುಂದಿನ ತಂಡಕ್ಕೆ ಯಾವ ಕಸುಬು ಎಂಬುದನ್ನು ತೀರ್ಮಾನಿಸುವಂತಾಗಬೇಕು.

ಕೊನೆಯದು, ಅಂಕಿಅಂಶಗಳ ಸೆಳೆತ. ತರಬೇತಾದವರ ಸಂಖ್ಯೆಯನ್ನು ಹೇಳುವುದು ಸುಲಭ. ಅವರಲ್ಲಿ ಎಷ್ಟು ಮಂದಿಯ ಗಳಿಕೆ ಎರಡು ವರ್ಷಗಳ ನಂತರ ಹೆಚ್ಚಿದೆ ಎಂಬುದನ್ನು ಹೇಳಲು ಅವರ ಮನೆಬಾಗಿಲಿಗೆ ಹೋಗಬೇಕು. ಗುರಿ ಮುಟ್ಟುವ ಅವಸರದಲ್ಲಿ ಅನುಸರಣೆಯ ಕೆಲಸ ಸೊರಗಿದರೆ ಉಳಿಯುವುದು ಪ್ರಮಾಣಪತ್ರ ಮಾತ್ರ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

18 ವರ್ಷ ತುಂಬಿದ ಆಸಕ್ತರು ತಮ್ಮ ಜಿಲ್ಲೆಯ ರುಡ್‌ಸೆಟ್ ಅಥವಾ ಆರ್‌ಸೆಟಿ ಸಂಸ್ಥೆಯನ್ನು ನೇರವಾಗಿ ಸಂಪರ್ಕಿಸಬಹುದು. ವಿಳಾಸ ತಿಳಿಯದಿದ್ದರೆ ಜಿಲ್ಲೆಯ ಅಗ್ರಣಿ ಬ್ಯಾಂಕಿನ ಕಚೇರಿಯಲ್ಲಿ ವಿಚಾರಿಸಬಹುದು. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ ಮತ್ತು ಭಾವಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಒಳಿತು.

ಯಾವುದೇ ತರಬೇತಿಗೆ ಸೇರುವ ಮೊದಲು ಅಭ್ಯರ್ಥಿ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಹಿಂದಿನ ತಂಡದವರು ಈಗ ಏನು ಮಾಡುತ್ತಿದ್ದಾರೆ? ಅವರಲ್ಲಿ ಒಬ್ಬಿಬ್ಬರನ್ನು ಭೇಟಿ ಮಾಡಬಹುದೇ? ಸಾಲ ಬೇಕಾದರೆ ಅರ್ಜಿಯನ್ನು ಯಾರು ಮುಂದಕ್ಕೆ ಒಯ್ಯುತ್ತಾರೆ? ನೌಕರಿಯ ತರಬೇತಿಯಾದರೆ ಯಾವ ಕಂಪನಿ, ಯಾವ ಹುದ್ದೆಗೆ, ಎಷ್ಟು ಸಂಬಳಕ್ಕೆ ಒಪ್ಪಿದೆ? ತರಬೇತಿ ಮುಗಿದ ಆರು ತಿಂಗಳ ನಂತರ ತೊಂದರೆಯಾದರೆ ಯಾರ ಬಳಿ ಹೋಗಬೇಕು?

ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ನೀಡುವ ಸಂಸ್ಥೆಯಲ್ಲಿ ಕಳೆದ ಆರು ವಾರ ವ್ಯರ್ಥವಾಗುವ ಸಂಭವ ಕಡಿಮೆ. ಉತ್ತರವಿಲ್ಲದ ಕಡೆ ಪ್ರಮಾಣಪತ್ರ ಎಷ್ಟೇ ಅಂದವಾಗಿದ್ದರೂ ಸಹಾಯಕ ಸಹಾಯಕನಾಗಿಯೇ ಉಳಿಯುವ ಸಾಧ್ಯತೆ ಹೆಚ್ಚು.